ಗೋಡೆಗೆ ತಗುಲಿದ ಗುಳಿಹಂಚು

ಸೂಟ್‌ಕೇಸಿನ ಚಕ್ರಗಳು ಕಲ್ಲುಹಾಸಿನ ಮೇಲೆ ಉರುಳುವ ಸದ್ದು ನಮ್ಮ ಓಣಿಯಲ್ಲಿ ಮಾರ್ಚ್ ಕೊನೆಗೆ ಶುರುವಾದರೆ ಅಕ್ಟೋಬರಿನವರೆಗೂ ನಿಲ್ಲುವುದಿಲ್ಲ. ಕಟಕಟ, ಕಟಕಟ, ನಡುವೆ ಒಂದು ಏದುಸಿರು, ಮತ್ತೆ ಕಟಕಟ. ಕೋಟೆಯ ಬುಡದಿಂದ ದುನಾವತ್ ಕೇರಿಗೆ ಏರುವ ದಾರಿ ಎಷ್ಟು ಕಡಿದೆಂದರೆ ಊರಿನ ಕತ್ತೆಗಳೂ ಎರಡು ಕಡೆ ನಿಂತು ಏರುತ್ತವೆ. ಎದುರು ಮನೆಯ ಪೆರ್ತೆಫೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಕೂತು ಆ ಸದ್ದಿನಿಂದಲೇ ಎಲ್ಲವನ್ನೂ ಹೇಳುತ್ತಿದ್ದಳು.

"ಎರಡು ಪೆಟ್ಟಿಗೆ. ಒಂದರ ಚಕ್ರ ಮುರಿದಿದೆ. ಎರಡನ್ನೂ ಗಂಡಸೇ ಎಳೀತಿದಾನೆ, ಹೆಂಗಸು ಫೋಟೋ ತೆಗೀತಿದಾಳೆ."

ಸದ್ದು ಅವಳ ಬಾಗಿಲ ಮುಂದೆ ಬಂದು, ಒಂದು ಗಳಿಗೆ ಅನುಮಾನಿಸಿ, ಮುಂದೆ ಹೋಗುತ್ತಿತ್ತು. ಅಲ್ಲಿಂದ ಹದಿನೇಳು ಮೆಟ್ಟಿಲು ಮೇಲೆ ಇನ್ನೊಂದು ಬಾಗಿಲು. ಸದ್ದು ಅಲ್ಲಿ ನಿಂತರೆ, ಹಾಸಿಯೆ ದೊಡ್ಡಮ್ಮನ ದನಿ ಜೇನಿನ ಎಳೆಯ ಹಾಗೆ ಇಳಿದು ಬರುತ್ತಿತ್ತು: "ಬನ್ನಿ, ಬನ್ನಿ, ಒಳಗೆ ಬನ್ನಿ!"

"ಹೋಯ್ತು ಮೇಲಕ್ಕೆ," ಎಂದು ಪೆರ್ತೆಫೆ ಮತ್ತೆ ಈರುಳ್ಳಿ ಹೆಚ್ಚಲು ತೊಡಗುತ್ತಿದ್ದಳು. ಆ ಮಾತಿನ ನಂತರದ ಚೂರುಗಳು ಮೊದಲಿನವಕ್ಕಿಂತ ಸಣ್ಣವಾಗಿರುತ್ತಿದ್ದವು.

ಎರಡು ಬಾಗಿಲಾದರೂ ಮನೆ ಒಂದೇ. ಇಳಿಜಾರಿನಲ್ಲಿ ಕಟ್ಟಿದ, ಕಲ್ಲಿನ ಚಪ್ಪಡಿಗಳನ್ನೇ ಹೊದ್ದ ಮನೆ. ಪೆರ್ತೆಫೆಯ ಗಂಡ ಸಬ್ರಿ ಮತ್ತು ಅವನ ಅಣ್ಣ ವೇಯಿಪ್ ತಮ್ಮ ತಾಯಿ ಸತ್ತ ನಲವತ್ತನೆಯ ದಿನ ಅದನ್ನು ಪಾಲು ಮಾಡಿಕೊಂಡರು. ಅಣ್ಣನಿಗೆ ಮೇಲಿನ ಅರ್ಧ: ಅತಿಥಿಗಳ ಕೋಣೆ, ಅಲ್ಲಿನ ಮರದ ಕೆತ್ತನೆಯ ಸೂರು, ಹದಿನಾಲ್ಕು ದಾಳಿಂಬೆಗಳ ಚಿತ್ರವಿರುವ ಬೆಂಕಿಗೂಡು, ಕಣಿವೆಗೆ ತೆರೆದ ಜಗಲಿ. ತಮ್ಮನಿಗೆ ಕೆಳಗಿನ ಅರ್ಧ: ಅಡುಗೆಮನೆ, ಉಗ್ರಾಣ, ನೆಲದಡಿಯ ಮಳೆನೀರಿನ ತೊಟ್ಟಿ. ಆಗ ಊರೆಲ್ಲ ತಮ್ಮನಿಗೇ ಒಳ್ಳೆಯ ಪಾಲು ಬಂತು ಎಂದಿತು. ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ. ಗೋಡೆಯ ದಾಳಿಂಬೆಯನ್ನು ಸುಲಿದು ತಿನ್ನುವವರು ಯಾರು? ವೇಯಿಪ್‌ನ ಹೆಂಡತಿ ಹಾಸಿಯೆ ಆ ದಿನ ಅತ್ತಳಂತೆ. ಪೆರ್ತೆಫೆ ಅವಳಿಗೆ ಸಮಾಧಾನ ಹೇಳಿದಳಂತೆ. ಇದನ್ನು ಹೇಳುವಾಗಲೆಲ್ಲ ಪೆರ್ತೆಫೆ ತನ್ನ ಹಣೆಯನ್ನು ಅಂಗೈಯಿಂದ ಮೆಲ್ಲಗೆ ಬಡಿದುಕೊಳ್ಳುತ್ತಿದ್ದಳು.

ಆಮೇಲೆ ಹೊರದೇಶದವರು ಬರತೊಡಗಿದರು. ಅವರಿಗೆ ಬೇಕಾದದ್ದು ಹಳೆಯ ಸೂರು, ಹಳೆಯ ಚಿತ್ರ, ಕಿಟಕಿಯಾಚೆ ಮಂಜು ಕುಳಿತ ಕಣಿವೆ. ತೊಟ್ಟಿ ನೋಡಲು ಅಲ್ಬೇನಿಯಾಕ್ಕೆ ಯಾರೂ ಬರುವುದಿಲ್ಲ. ಆರು ವರ್ಷದ ಹಿಂದೆ ವೇಯಿಪ್ ತೀರಿಕೊಂಡ. ಒಂಟಿಯಾದ ಹಾಸಿಯೆ ಅತಿಥಿಗಳ ಕೋಣೆಯ ಬೀಗ ತೆಗೆದಳು. ಜಿರೊಕಾಸ್ತರ್‌ಗೆ ಬಂದವರು ಕೋಟೆ ನೋಡಿ, ಪೇಟೆ ಸುತ್ತಿ, ಅವಳ ದಾಳಿಂಬೆಗಳ ಕೆಳಗೆ ಮಲಗಿ, ಬೆಳಿಗ್ಗೆ ಜಗಲಿಯಲ್ಲಿ ಅವಳ ದ್ರಾಕ್ಷಿ ಕಿತ್ತು ತಿಂದು ಹೋಗುತ್ತಿದ್ದರು.

ಅವಳ ದ್ರಾಕ್ಷಿ ಎಂದೆ. ಬಳ್ಳಿಯ ಬುಡವಿದ್ದದ್ದು ಪೆರ್ತೆಫೆಯ ಅಂಗಳದಲ್ಲಿ. ಅವಳೇ ನೆಟ್ಟದ್ದು, ಅವಳ ತೊಟ್ಟಿಯ ನೀರೇ ಕುಡಿದದ್ದು. ಆದರೆ ಬಳ್ಳಿ ಬಿಸಿಲು ಹುಡುಕಿಕೊಂಡು ಮೇಲೆ ಹೋಗಿ ವಾರಗಿತ್ತಿಯ ಜಗಲಿಯಲ್ಲಿ ಕಾಯಿ ಬಿಟ್ಟಿತು.

ಪೆರ್ತೆಫೆಯ ಹೊಟ್ಟೆಕಿಚ್ಚು ಕೂಗಾಡುವಂಥದ್ದಲ್ಲ. ಅದು ಅಚ್ಚುಕಟ್ಟಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಮೇಲಿನ ಹಗ್ಗದಲ್ಲಿ ಎಷ್ಟು ಹಾಸುಬಟ್ಟೆ ಒಣಗುತ್ತಿವೆ ಎಂದು ಎಣಿಸುತ್ತಿದ್ದಳು. ನಡುಮಧ್ಯಾಹ್ನ ನಗುವನ್ನು ಎಣಿಸುತ್ತಿದ್ದಳು. ಸಂಜೆ ಅತಿಥಿಗಳು ಇಳಿದು ಬರುವಾಗ ಕೈಬೀಸಿದರೆ, ಇವಳು ಎರಡೂ ಕೈಗಳನ್ನು ಹಿಟ್ಟಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಸಬ್ರಿ ಪೇಟೆಯಲ್ಲಿ ಡಾಮಿನೊ ಆಡಿ ಮನೆಗೆ ಬಂದವನು ಅವಳ ಮುಖ ನೋಡಿ ಕೋಟನ್ನು ಗೂಟಕ್ಕೆ ಹಾಕುತ್ತಿದ್ದ. "ನಿನ್ನ ಹೊಟ್ಟೆಯಲ್ಲೇ ಒಂದು ಒಲೆ ಇದೆಯಲ್ಲೇ, ಈ ವರ್ಷ ಸೌದೆ ತರಿಸೋದು ಬೇಡ." ಜಿಪುಣರೆಂದು ನಮ್ಮೂರಿನವರಿಗೆ ದೇಶದಲ್ಲೆಲ್ಲ ಹೆಸರು. ಸುಮ್ಮನೆ ಕಿಟಕಿಯಾಚೆ ನೋಡುವಾಗ ಸವೆದೀತೆಂದು ಕನ್ನಡಕ ತೆಗೆದಿಡುತ್ತೇವಂತೆ. ಪೆರ್ತೆಫೆ ಮಾತ್ರ ಮೇಲಿನ ಜಗಲಿ ನೋಡುವಾಗ ಕನ್ನಡಕ ಹಾಕಿಕೊಳ್ಳುತ್ತಿದ್ದಳು.

ಆದರೂ ಸೂರಿನ ಮೇಲೆ, ದ್ರಾಕ್ಷಿಯ ಮೇಲೆ ಅವಳಿಗಿದ್ದ ಸಂಕಟ ದೊಡ್ಡದಲ್ಲ. ಅವಳನ್ನು ನಿಜವಾಗಿ ಸುಟ್ಟದ್ದು ಒಂದು ಹಂಚು.

ಹನ್ನೆರಡು ಗುಳಿಗಳ ತಾಮ್ರದ ಹಂಚು ಅದು, ಅತ್ತೆ ಜೆನೆಪೆಯದು. ಬೆಂದ ಅನ್ನಕ್ಕೆ ಮೊಟ್ಟೆ, ಪುದೀನ, ಕರಿಮೆಣಸು ಕಲಸಿ, ಗುಳಿಗೊಂದು ಉಂಡೆಯಿಟ್ಟು, ಎಣ್ಣೆಯಲ್ಲಿ ತಿರುವುತ್ತ ಕೆಂಪಗೆ ಮಾಡುವ ಚಿಫ್‌ಚಿ ನಮ್ಮೂರಿನದೇ ತಿನಿಸು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ತಿರುವುವುದು ಕೈಯ ಮಣಿಕಟ್ಟಿನ ವಿದ್ಯೆ. ಒಂದು ಗುಳಿ ಸೀಯುವ ಮೊದಲು ಇನ್ನೊಂದಕ್ಕೆ ಹೋಗಬೇಕು. ಹಾಸಿಯೆ ಇಪ್ಪತ್ತು ವರ್ಷ ಚಪ್ಪಲಿ ಕಾರ್ಖಾನೆಗೆ ಹೋದಳು. ಎತ್ತರ ಹಿಮ್ಮಡಿಯ ಮೆಟ್ಟು ಹಾಕಿಕೊಂಡು ಟಕಟಕ ಇಳಿದು ಹೋಗುತ್ತಿದ್ದಳು. ಆ ಟಕಟಕದ ಮೇಲೂ ಪೆರ್ತೆಫೆಗೆ ಆಗ ಹೊಟ್ಟೆಕಿಚ್ಚಿತ್ತು. ಅತ್ತೆಯ ಪಕ್ಕ ನಿಂತು ಚಿಫ್‌ಚಿ ಕಲಿತವಳು, ಬೆರಳು ಸುಟ್ಟುಕೊಂಡವಳು ಪೆರ್ತೆಫೆ. "ಈ ಹಂಚು ನಿನ್ನ ಕೈಗೆ ಒಗ್ಗಿದೆ" ಎಂದು ಅತ್ತೆ ಹೇಳಿದ್ದೂ ಇವಳಿಗೆ. ಆದರೆ ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

ಪಾಲಿನ ದಿನ ನಮ್ಮಲ್ಲಿ ಒಂದು ರೂಢಿ ಇದೆ: ನೆಲದ ಮೇಲಿರುವ ಸಾಮಾನನ್ನು ಹಂಚಿಕೊಳ್ಳುತ್ತಾರೆ, ಗೋಡೆಗೆ ತಗುಲಿದ್ದು ಗೋಡೆಯ ಜತೆಗೇ ಹೋಗುತ್ತದೆ. ಆ ನಲವತ್ತನೆಯ ದಿನ ಬಂದವರಿಗೆಲ್ಲ ಚಿಫ್‌ಚಿ ಮಾಡಿ ಬಡಿಸಿದವಳು ಪೆರ್ತೆಫೆ. ಹಂಚನ್ನು ತೊಳೆದಳು. ಅಡುಗೆಮನೆ ತುಂಬ ಜನ. ಎಲ್ಲಿಡುವುದೆಂದು ತೋಚದೆ ಮೇಲೆ ಹೋಗಿ ಬೆಂಕಿಗೂಡಿನ ಪಕ್ಕದ ಮೊಳೆಗೆ ತೂಗುಹಾಕಿ ಬಂದಳು. ಒಂದು ಗಂಟೆಯ ನಂತರ ಊರ ಹಿರಿಯ ಕೋಣೆಯಿಂದ ಕೋಣೆಗೆ ನಡೆಯುತ್ತ ಪಾಲು ಹೇಳಿದ.

ಇಪ್ಪತ್ತೊಂದು ವರ್ಷ ಅವಳು ಚಪ್ಪಟೆ ಬಾಣಲೆಯಲ್ಲಿ ಚಿಫ್‌ಚಿ ಮಾಡಿದಳು. ರುಚಿ ಅದೇ. ಆಕಾರ ಮಾತ್ರ ಯಾರೋ ಕೂತೆದ್ದು ಹೋದ ಹಾಗೆ. ಹಂಚು ಮೇಲೆ ಗೋಡೆಯಲ್ಲಿ ಹೊಳೆಯುತ್ತಿತ್ತು. ಹಾಸಿಯೆ ಅದರಲ್ಲಿ ಒಮ್ಮೆಯೂ ಏನನ್ನೂ ಬೇಯಿಸಲಿಲ್ಲ.

ಈ ಜೂನ್ ತಿಂಗಳ ಒಂದು ಶುಕ್ರವಾರ ನಾನು ಪೆರ್ತೆಫೆಯ ಅಂಗಳದಲ್ಲಿ ಅವಳ ಜತೆ ಪುದೀನ ಬಿಡಿಸುತ್ತಿದ್ದೆ. ಎದುರು ಮನೆಯ ಹುಡುಗಿ ನಾನು. ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿರುವುದರಿಂದ ಹಾಸಿಯೆ ದೊಡ್ಡಮ್ಮನ ಅತಿಥಿಗಳಿಗೆ ಮಾತು ದಾಟಿಸುವವಳೂ ನಾನೇ. ಮೇಲಿನಿಂದ ಕೂಗು ಬಂತು.

"ನೂಸೆ! ಏ ನೂಸೆ!"

ನೂಸೆ ಎಂದರೆ ಮದುಮಗಳು. ಮನೆಗೆ ಕೊನೆಯದಾಗಿ ಬಂದ ಸೊಸೆಯನ್ನು, ಅವಳ ಹಿಂದೆ ಇನ್ನೊಬ್ಬಳು ಬರುವವರೆಗೂ ಹಾಗೆಯೇ ಕರೆಯುತ್ತಾರೆ. ಪೆರ್ತೆಫೆಯ ಹಿಂದೆ ಯಾರೂ ಬರಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ, ಮೊಣಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಮದುಮಗಳು ತಲೆ ಎತ್ತಿದಳು.

"ಏನಕ್ಕಾ?"

"ನಾಳೆ ಒಂಬತ್ತು ಜನ ಬರ್ತಿದಾರೆ. ಚಿಫ್‌ಚಿ ಬೇಕಂತೆ."

"ಮಾಡಿಹಾಕು."

"ಈ ಕೈ ನೋಡೇ." ಹಾಸಿಯೆ ಜಗಲಿಯಿಂದ ಬಲಗೈ ಚಾಚಿದಳು. ಹಿಂದಿನ ವಾರ ಮಳೆಯಲ್ಲಿ ಕಲ್ಲಿನ ಮೇಲೆ ಜಾರಿ ಮಣಿಕಟ್ಟು ಉಳುಕಿತ್ತು; ದಪ್ಪ ಪಟ್ಟಿ ಕಟ್ಟಿದ್ದರು.

"ಕೈ ನೆಟ್ಟಗಿದ್ದಾಗಲೂ ನೀನು ಮಾಡಿದ್ದನ್ನ ನಾನು ನೋಡಿಲ್ಲ."

"ಅದಕ್ಕೇ ನಿನ್ನ ಕರೀತಿರೋದು! ಅತ್ತೆ ಹಂಚಲ್ಲೇ ಆಗಬೇಕಂತೆ. ನನ್ನ ತಂಗಿ ಮಗಳು ಅದರ ಫೋಟೋ ಹಾಕಿಬಿಟ್ಟಿದಾಳೆ. ನೂರು ವರ್ಷದ ಹಂಚು, ಅಜ್ಜಿಯ ಕೈರುಚಿ ಅಂತ ಬರೆದುಬಿಟ್ಟಿದಾಳೆ."

"ಯಾವ ಅಜ್ಜಿ? ನೀನಾ?"

"ಯಾವುದೋ ಒಂದು ಅಜ್ಜಿ! ಬರ್ತೀಯೋ ಇಲ್ವೋ?"

ಪೆರ್ತೆಫೆ ಪುದೀನದ ಕಡ್ಡಿಯೊಂದನ್ನು ಬೋಳಾಗುವ ತನಕ ಬಿಡಿಸಿದಳು. "ಬರ್ತೀನಿ. ಊಟ ಮುಗಿದ ಮೇಲೆ ಹಂಚು ನನ್ನ ಜತೆ ಕೆಳಗೆ ಬರಬೇಕು. ಪೂರ್ತಿ. ನನ್ನದಾಗಿ."

ದ್ರಾಕ್ಷಿ ಎಲೆಗಳ ನಡುವೆ ಹಾಸಿಯೆಯ ಮುಖದ ಅರ್ಧ ಮಾತ್ರ ಕಾಣುತ್ತಿತ್ತು.

"ಅದಿಲ್ಲದಿದ್ರೆ ಗೋಡೆ ಏನು ಚೆಂದ?"

"ದಾಳಿಂಬೆ ಇವೆಯಲ್ಲ ಅಕ್ಕಾ, ಹದಿನಾಲ್ಕು."

"ಲೆಕ್ಕ ಬೇರೆ ಇಟ್ಟಿದಾಳೆ ನೋಡು! ಆಯ್ತು ಕಣೇ. ಅದರಲ್ಲಿ ಬೇಯಿಸು, ತಗೊಂಡು ಹೋಗು. ಈ ಹುಡುಗಿ ಸಾಕ್ಷಿ."

ಆ ಸಂಜೆ ಪೆರ್ತೆಫೆಯ ಅಡುಗೆಮನೆಯಿಂದ ಕಲ್ಲುಗೋಡೆಗೆ ಮೊಳೆ ಹೊಡೆಯುವ ಸದ್ದು ನಮ್ಮ ಮನೆಗೂ ಕೇಳಿಸಿತು.

ಶನಿವಾರ ಒಂಬತ್ತು ಜನ ಬಂದರು. ಕೆನ್ನೆ ಕೆಂಪಾಗಿತ್ತು, ಕೈಯಲ್ಲಿ ನೀರಿನ ಬಾಟಲಿ. ಅವರಲ್ಲಿ ಒಬ್ಬಾಕೆ ಸಣ್ಣ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಹಾಸಿಯೆ ಅವರನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ಸಕ್ಕರೆಪಾಕದಲ್ಲಿಟ್ಟ ಎಳೆ ಅಕ್ರೋಟು ಕೊಟ್ಟು, ದಾಳಿಂಬೆಗಳ ಕತೆ ಶುರುಮಾಡಿದ್ದಳು. ಪೆರ್ತೆಫೆ ಅನ್ನ ಕಲಸಿಕೊಂಡೇ ಮೇಲೆ ಬಂದಳು. ಹಬ್ಬಕ್ಕೆ ತೊಡುವ ನೀಲಿ ರವಿಕೆ ತೊಟ್ಟಿದ್ದಳು. ಅವಳು ಈ ಕೋಣೆಗೆ ಕೊನೆಯ ಸಲ ಬಂದದ್ದು ವೇಯಿಪ್ ಸತ್ತಾಗ, ಆರು ವರ್ಷದ ಹಿಂದೆ. ಯಾರನ್ನೂ ನೋಡದೆ ನೇರವಾಗಿ ಗೋಡೆಗೆ ಹೋಗಿ, ಹಂಚನ್ನು ಎರಡೂ ಕೈಯಿಂದ ಇಳಿಸಿ, ಪಕ್ಕದ ಸಣ್ಣ ಅಡುಗೆಕೋಣೆಗೆ ತಂದಳು. ನಾನೂ ಹಿಂದೆ ಹೋದೆ.

ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳನ್ನು ಒಂದು ಗುಳಿಯೊಳಗೆ ಆಡಿಸಿದಳು. ಇನ್ನೊಂದರೊಳಗೆ. ಅವಳ ಮುಖ ಬದಲಾಯಿತು.

"ಅಕ್ಕಾ, ಒಂದು ನಿಮಿಷ ಬಾ."

ಹಾಸಿಯೆ ಬಂದಳು, ತುಟಿಯ ಮೇಲೆ ಅತಿಥಿಗಳಿಗೆಂದು ಇಟ್ಟ ನಗು ಇನ್ನೂ ಹಾಗೆಯೇ ಇತ್ತು.

"ಇದರ ಒಳಗೂ ಉಜ್ಜಿದೀಯಾ?"

"ಮತ್ತೆ? ಪ್ರತಿ ಸೋಮವಾರ. ನಿಂಬೆಹಣ್ಣು, ಉಪ್ಪು, ಬೂದಿ. ಹೆಂಗೆ ಫಳಫಳ ಅಂತಿದೆ ನೋಡು!"

"ಕಲಾಯಿ ಎಲ್ಲಿ?"

ನಾನೂ ಬಗ್ಗಿ ನೋಡಿದೆ. ಗುಳಿಗಳ ಒಳಗೆ ತವರದ ಲೇಪ ಬೆಳ್ಳಗಿರಬೇಕಾದಲ್ಲಿ ಬರೀ ಕೆಂಪು ತಾಮ್ರ ಹೊಳೆಯುತ್ತಿತ್ತು. ಆರು ವರ್ಷದ ಸೋಮವಾರಗಳು ಕಲಾಯಿಯನ್ನು ಒಂದಿಷ್ಟೂ ಬಿಡದೆ ತಿಂದುಹಾಕಿದ್ದವು. ಜೆನೆಪೆ ಅಜ್ಜಿ ಪ್ರತಿ ಶರತ್ಕಾಲದಲ್ಲಿ ಹಂಚನ್ನು ಕಲಾಯಿಯವನ ಬಳಿ ಕಳಿಸುತ್ತಿದ್ದಳಂತೆ. ಕಲಾಯಿ ಹೋದರೆ ತಾಮ್ರದ ವಿಷ ಅನ್ನಕ್ಕಿಳಿಯುತ್ತದೆ, ಅಂಥ ಅನ್ನ ನೆಂಟನಿಗಿರಲಿ, ವೈರಿಗೂ ಬೇಡ ಎನ್ನುತ್ತಿದ್ದಳಂತೆ. ಕೇರಿಯ ಮಕ್ಕಳಿಗೆಲ್ಲ ಗೊತ್ತಿರುವ ಮಾತು ಅದು.

ಹಾಸಿಯೆಯ ನಗು ಮೆಲ್ಲಗೆ ಇಳಿಯಿತು. ಅವಳು ಬಾಗಿಲು ಮುಂದೆ ಮಾಡಿದಳು. "ಒಂದೇ ಸಲಕ್ಕೆ ಯಾರಿಗೇನಾಗುತ್ತೆ? ಹುಳಿ ಇಲ್ಲ, ಏನಿಲ್ಲ. ಅವರಿಗೇನು ಗೊತ್ತಾಗುತ್ತಾ? ಬೇಯಿಸು ನೂಸೆ. ಬೇಯಿಸಿಬಿಡು, ಹಂಚು ನಿಂದು."

ಪೆರ್ತೆಫೆ ಗ್ಯಾಸ್ ಹಚ್ಚಿದಳು. ಹಂಚನ್ನು ಇಟ್ಟಳು. ಅದರ ಹಿಡಿಯನ್ನು ಹಿಡಿದ ಅವಳ ಕೈ, ತುಂಬ ದಿನದ ಮೇಲೆ ಮನೆಗೆ ಬಂದ ಮಗುವಿನ ತೋಳು ಹಿಡಿದ ಹಾಗಿತ್ತು. ತಾಮ್ರ ಕಾಯುವ ವಾಸನೆ ಎದ್ದಿತು. ಒಂದು ಉಂಡೆ ಕಟ್ಟಿದಳು, ಅಂಗೈಯಲ್ಲಿಟ್ಟುಕೊಂಡು ನಿಂತಳು. ಕೋಣೆಯಲ್ಲಿ ಯಾರೋ ನಕ್ಕರು. ಇನ್ಯಾರೋ ನೀರು ಕೇಳಿದರು. ಬೆಳಿಗ್ಗೆ ಪೆರ್ತೆಫೆಯ ತೊಟ್ಟಿಯಿಂದ ತುಂಬಿ ತಂದಿದ್ದ ಹೂಜಿಯನ್ನು ಹಾಸಿಯೆ ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಕೊಟ್ಟು ಬಂದೆ.

ಬಂದಾಗ ಒಲೆ ಆರಿತ್ತು. ಉಂಡೆ ಮತ್ತೆ ಬೋಗುಣಿಯಲ್ಲಿತ್ತು.

"ಆಗಲ್ಲ ಅಕ್ಕಾ. ಅವರು ಕುಡೀತಿರೋದು ನನ್ನ ತೊಟ್ಟಿ ನೀರು. ನೀರು ಕುಡಿದೋರು ನನಗೂ ನೆಂಟರೇ."

"ಒಂಬತ್ತು ಜನರ ಎದುರಿಗೆ ನನ್ನ ಮರ್ಯಾದೆ ಕಳೀಬೇಕು ಅಂತಾನೇ ಬಂದಿದೀಯ ನೀನು!" ಹಾಸಿಯೆಯ ದನಿ ಪಿಸುಮಾತಾದರೂ ಕೊಯ್ಯುತ್ತಿತ್ತು. "ಕಲಾಯಿ ಅಂತೆ ಕಲಾಯಿ! ಮೊದಲು ನಿನ್ನ ಹೊಟ್ಟೆಕಿಚ್ಚಿಗೆ ಕಲಾಯಿ ಹಾಕಿಸ್ಕೋ ಹೋಗು!"

"ಹೊಟ್ಟೆಕಿಚ್ಚು ಇದೆ," ಎಂದಳು ಪೆರ್ತೆಫೆ. "ಇಲ್ಲ ಅಂದೋರು ಯಾರು? ಆದರೆ ಕಲಾಯಿ ಇಲ್ಲ."

ಅವಳು ಹದಿನೇಳು ಮೆಟ್ಟಿಲು ಇಳಿದು ತನ್ನ ಚಪ್ಪಟೆ ಬಾಣಲೆ ತೆಗೆದುಕೊಂಡು, ಮೊಣಕಾಲು ಹಿಡಿದುಕೊಂಡು ಮತ್ತೆ ಹದಿನೇಳು ಮೆಟ್ಟಿಲು ಏರಿದಳು. ಅಷ್ಟರಲ್ಲಿ ಹಂಚು ಗೋಡೆಗೆ ಮರಳಿತ್ತು. ಬೇಯಿಸಿದರೆ ಹಂಚು ಅವಳದು ಎಂಬ ಕರಾರು, ಅದರಲ್ಲಿ ಬೇಯಿಸಲಿಲ್ಲ. ಯಾರೂ ಆ ಮಾತನ್ನು ಎತ್ತಲಿಲ್ಲ, ಸಾಕ್ಷಿಯಾದ ನಾನೂ ಎತ್ತಲಿಲ್ಲ.

ಅತಿಥಿಗಳು ಡೊಂಕು ಚಿಫ್‌ಚಿಗಳನ್ನು ಬೆರಳು ನೆಕ್ಕಿಕೊಂಡು ತಿಂದರು. ಒಬ್ಬ ಗಂಡಸು ಏಳನೆಯದಕ್ಕೆ ಕೈಹಾಕಿ ಹೆಂಡತಿಯಿಂದ ಬೈಸಿಕೊಂಡ. ಪುಸ್ತಕದಾಕೆ, ಇದು ಯಾರ ಕೈಯ ಅಡುಗೆ ಎಂದು ಕೇಳಿದಳು. ನಾನು ದಾಟಿಸಿದೆ. ಹಾಸಿಯೆ ದಿಂಬಿಗೊರಗಿ, ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದಳು: "ನಮ್ಮ ಮನೆಯ ಕೈ."

ಹಾಗೆಯೇ ದಾಟಿಸಿದೆ. ಆಕೆ ಬರೆದುಕೊಂಡಳು. ಬಾಗಿಲ ಬಳಿ ನಿಂತಿದ್ದ ಪೆರ್ತೆಫೆ ನನ್ನನ್ನು ಕೇಳಿದಳು: "ಇಂಗ್ಲಿಷಲ್ಲೂ ಹಂಗೇ ಅಂದ್ಯಾ?"

"ಹೂಂ ಚಿಕ್ಕಮ್ಮ."

"ಮನೆಗೆ ಕೈ ಎಲ್ಲಿರುತ್ತೆ," ಎಂದು ಅವಳು ಬಾಣಲೆ ಎತ್ತಿಕೊಂಡಳು. ಅವಳು ಮೆಟ್ಟಿಲಿಳಿಯುವಾಗ ಒಂಬತ್ತು ಜನರೂ ಬೆಂಕಿಗೂಡಿನ ಮುಂದೆ ಸಾಲಾಗಿ ನಿಂತಿದ್ದರು. ಒಬ್ಬರಾದ ಮೇಲೆ ಒಬ್ಬರು ಹಂಚಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಬೇಸಿಗೆಯುದ್ದಕ್ಕೂ ಹಂಚಿಗೆಂದು ಹೊಡೆದ ಆ ಮೊಳೆ ಪೆರ್ತೆಫೆಯ ಅಡುಗೆಮನೆಯ ಗೋಡೆಯಲ್ಲಿ ಬೋಳಾಗಿ ನಿಂತಿತ್ತು. ಒಂದು ಬೆಳ್ಳುಳ್ಳಿ ಜಡೆಯನ್ನಾದರೂ ತೂಗುಹಾಕು ಎಂದ ಸಬ್ರಿಗೆ ಅವಳು, "ಮುಟ್ಟಿದರೆ ನೋಡು" ಎಂದಳಂತೆ. ಹಾಸುಬಟ್ಟೆಗಳನ್ನು ಎಣಿಸುವುದು ನಿಲ್ಲಲಿಲ್ಲ. ಒಂದು ದಿನ ಹನ್ನೊಂದಿದ್ದವು. ಆ ದಿನ ಅವಳು ಊಟ ಮಾಡಲಿಲ್ಲ.

ಅಕ್ಟೋಬರಿನಲ್ಲಿ ಪುಸ್ತಕದಾಕೆಯಿಂದ ಕಾಗದ ಬಂತು. ಓದಿ ಹೇಳಿದವಳು ನಾನೇ. ವಸಂತಕ್ಕೆ ಹದಿನೈದು ಜನರನ್ನು ಕರೆತರುತ್ತಾಳಂತೆ. ಒಂದೇ ಪ್ರಶ್ನೆ: ಅಷ್ಟು ಚೆಂದದ ಗುಂಡು ಗುಳಿಗಳ ಹಂಚಿದ್ದೂ ಚಿಫ್‌ಚಿ ಯಾಕೆ ಗುಂಡಗಿರಲಿಲ್ಲ? ಈ ಸಲ ಆ ಹಂಚಿನಲ್ಲಿ ಮಾಡುವುದನ್ನು ಕಣ್ಣಾರೆ ನೋಡಬೇಕಂತೆ.

ಹಾಸಿಯೆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದಳು. ನಾಲ್ಕನೆಯ ಬೆಳಿಗ್ಗೆ ಹಣ್ಣೆಲೆ ಉದುರುತ್ತಿದ್ದ ದ್ರಾಕ್ಷಿಬಳ್ಳಿಯ ಸಂದಿನಿಂದ ದನಿ ಬಂತು.

"ನೂಸೆ! ಆ ಕಲಾಯಿ ಮುಹೆದಿನ್ ಇನ್ನೂ ಬದುಕಿದಾನಾ?"

"ಕೆಳಪೇಟೆಯಲ್ಲಿದಾನೆ. ಚಳಿಗಾಲ ಶುರುವಾಗೋ ತನಕ ಕುಲುಮೆ ಹಚ್ತಾನೆ."

"ಆ ಇಳಿಜಾರು ಇಳಿದು ಹತ್ತೋಕೆ ನನ್ನ ಕೈಲಾಗಲ್ಲ. ನೀನು ಹೇಗೂ ಹೋಗ್ತೀಯಲ್ಲ."

"ಹೋಗ್ತೀನಿ."

"ಬರೀ ಕಲಾಯಿಗೆ ಅಷ್ಟೇ ಕಣೇ. ತಿಳೀತಾ?"

"ನಾನೇನಂದೆ ಈಗ?"

ಕೋಸು, ಬ್ರೆಡ್ಡು ಮೇಲಕ್ಕೆಳೆಯುವ ಬುಟ್ಟಿ ಹಗ್ಗದಲ್ಲಿ ಇಳಿದು ಬಂತು. ನಡುದಾರಿಯಲ್ಲಿ ನಿಂತಿತು. ಮೇಲೆ ಕೈಗಳು ಹಗ್ಗವನ್ನು ಬಿಡಲೋ ಬೇಡವೋ ಎಂದು ಯೋಚಿಸಿದವು. ಆಮೇಲೆ ಬುಟ್ಟಿ ಕೆಳಗೆ ಮುಟ್ಟಿತು. ಪೆರ್ತೆಫೆ ಹಂಚನ್ನು ತೆಗೆದು, ಒಂದೊಂದೇ ಗುಳಿಯನ್ನು ಬೆರಳಿಂದ ಮುಟ್ಟಿ ನೋಡಿ, ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಅವುಚಿಕೊಂಡಳು. ಇಪ್ಪತ್ತೊಂದು ವರ್ಷದ ಮೇಲೆ ಅದು ಆ ಹದಿನೇಳು ಮೆಟ್ಟಿಲು ಇಳಿದಿತ್ತು, ಮೆಟ್ಟಿಲನ್ನೇ ಮುಟ್ಟದೆ.

"ಸಂಜೆಗೇ ತಂದುಬಿಡು," ಹಾಸಿಯೆ ಜಗಲಿಯಿಂದ ಅರ್ಧ ಹೊರಗೆ ಬಾಗಿದ್ದಳು. "ಗೋಡೆ ಬೋಳು ಬೋಳಾಗಿ ಕಾಣ್ತಿದೆ!"

ಪೆರ್ತೆಫೆ ಆಗಲೇ ಓಣಿಗೆ ಇಳಿದಿದ್ದಳು. "ಸಂಜೆಗೆ ಆಗಲ್ಲ ಅಕ್ಕಾ," ಎಂದಳು, ತಿರುಗದೆ. "ಹೊಸ ಕಲಾಯಿ ಹಾಕಿದ್ದನ್ನ ನೆಲಕ್ಕಿಡಬಾರದು, ಅತ್ತೆ ಹೇಳ್ತಿರಲಿಲ್ವಾ? ಒಂದು ದಿನ ಗೋಡೆಗೆ ತೂಗುಹಾಕಿ ಆರಿಸಬೇಕು. ನನ್ನ ಅಡುಗೆಮನೇಲಿ ಒಂದು ಮೊಳೆ ಇದೆ."

ಹಾಸಿಯೆ ಜಗಲಿಯಿಂದ ಇನ್ನಷ್ಟು ಬಾಗಿದಳು. "ಏ! ನಿಲ್ಲೇ! ಯಾವ ಮೊಳೆ? ಯಾವ ಗೋಡೆ?"

"ಗೋಡೆ ಅಂದ್ರೆ ಗೋಡೆ. ಪಾಲು ಹೇಳಿದೋರು ಅವತ್ತು ಏನಂದ್ರು ನೆನಪಿದೆಯಲ್ಲ ಅಕ್ಕಾ, ಗೋಡೆಗೆ ತಗುಲಿದ್ದು..." ಎನ್ನುತ್ತ ಅವಳು ಕಲ್ಲುಹಾಸಿನ ತಿರುವಿನಲ್ಲಿ, ಹಂಚಿನ ಹಿಡಿಯನ್ನು ಬಟ್ಟೆಯ ಮೇಲಿಂದಲೇ ಸವರುತ್ತ, ಮರೆಯಾದಳು.